ಬೊಡ್ಡೆಗೆ ಹೊಯ್ದ ನೀರು

ಗೋಡೆಯ ಆಚೆಯಿಂದ ಒಂದು ಹಸಿರು ಸುರುಳಿ ನಮ್ಮ ಹಿತ್ತಿಲನ್ನು ಇಣುಕಿ ನೋಡುತ್ತಿತ್ತು. ಹಸುಗೂಸಿನ ಮುಚ್ಚಿದ ಮುಷ್ಟಿಯ ಹಾಗೆ, ಮೈತುಂಬ ಕಂದು ರೋಮ ಹೊದ್ದು, ದಿನಕ್ಕೊಂದಿಷ್ಟು ಬಿಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಮೊದಲು ಕಾಣುವುದು ಅದೇ. ಒಂದು ಸುರುಳಿ ಬಿಚ್ಚಿ ಗರಿಯಾಗುವಷ್ಟರಲ್ಲಿ ಇನ್ನೊಂದು ಹುಟ್ಟುತ್ತಿತ್ತು. ಒಂಬತ್ತು ವರ್ಷ ನಾನು ಅವುಗಳ ಮುಖ ನೋಡಿಯೇ ದಿನ ಶುರುಮಾಡಿದೆ. ಅಷ್ಟು ವರ್ಷವೂ ಒಲೆಗಿಂತ ಮೊದಲು ನನ್ನ ಹೊಟ್ಟೆಯೇ ಉರಿಯಿತು.

ಅದು ನನ್ನ ವಾರಗಿತ್ತಿ ಹೈಮವತಿಯ ಮರಜರಿ. ಬಾವಿಯ ಕಲ್ಲುಸಂದಿಯಲ್ಲಿ ಬೆಳೆಯುವ ಜರಿಗಿಡದ ಜಾತಿಯೇ, ಆದರೆ ಮರದ ಹಾಗೆ ಬೊಡ್ಡೆ ಕಟ್ಟಿ ಮೇಲೆದ್ದು, ತಲೆಯ ಮೇಲೆ ಕೊಡೆಯಂತೆ ಗರಿ ಬಿಚ್ಚುವಂಥದು. ನಮ್ಮ ಮಾವ ಬೆಟ್ಟದ ಮೇಲಿನ ತೋಟವೊಂದರಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದವರು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ಹಿತ್ತಿಲಿಗೆ ಎದೆಮಟ್ಟದ ಅಡ್ಡಗೋಡೆ ಎಬ್ಬಿಸಿದ ವಾರವೇ ಅವರು ಮೊಣಕಾಲುದ್ದದ ಎರಡು ಗಿಡ ತಂದು, ಗೋಡೆಯ ಈಚೆಗೊಂದು ಆಚೆಗೊಂದು ನೆಟ್ಟರು. "ಗೋಡೆ ನಿಮ್ದು. ನೆರಳು ಮಾತ್ರ ಎರಡು ಮನೇದು," ಅಂದರು.

ಅದೇ ವರ್ಷ ಅವರು ಹಾಸಿಗೆ ಹಿಡಿದರು. ಎಂಟು ತಿಂಗಳು ನಮ್ಮ ನಡುಮನೆಯಲ್ಲೇ ಮಲಗಿದ್ದರು. ಬೆನ್ನಿನ ಹುಣ್ಣು ತೊಳೆದವಳು ನಾನು, ಗಂಜಿ ಕುಡಿಸಿದವಳು ನಾನು. ಹೈಮ ಮಧ್ಯಾಹ್ನ ಬಂದು ಕಾಲ ಬಳಿ ಕೂತು ಹೋಗುತ್ತಿದ್ದಳು, ಅಷ್ಟೆ. ಅವರು ತೀರಿಕೊಂಡ ಮೇಲೆ ಅವಳ ಗಿಡ ಬೇಗನೆ ಗೋಡೆ ದಾಟಿ ವರ್ಷ ವರ್ಷ ಏರುತ್ತಾ ಹೋಯಿತು. ನನ್ನದು ಮೊಣಕಾಲು ಬಿಟ್ಟು ಮೇಲೇಳಲಿಲ್ಲ. ನಾನೇನು ಕಡಿಮೆ ಮಾಡಿದ್ದೆನೆ? ಬುಡಕ್ಕೆ ಕಳಿತ ಸಗಣಿಗೊಬ್ಬರ, ಅಕ್ಕಿ ತೊಳೆದ ನೀರು, ಬೇಸಿಗೆಯಲ್ಲಿ ಒದ್ದೆ ಗೋಣಿ. ಎಲ್ಲ ಬುಡಕ್ಕೇ.

ತಿಥಿಗೆ ಬಂದ ನೆಂಟರು ಉಂಡು ಕೈತೊಳೆದು ನೇರ ಆಚೆ ಹಿತ್ತಿಲಿಗೆ ನಡೆಯುತ್ತಿದ್ದರು. "ಅಣ್ಣನ ಜೀವವೆಲ್ಲ ಇದರಲ್ಲೇ ಇದೆ ನೋಡು," ಎಂದು ಮಾವನ ತಂಗಿ ಒಮ್ಮೆ ಆ ಬೊಡ್ಡೆಯನ್ನು ತಬ್ಬಿ ಅತ್ತರು. ಆಮೇಲೆ ಗೋಡೆಯ ಮೇಲಿಂದ ನನ್ನ ಗಿಡವನ್ನು ನೋಡಿ, "ಕೈಗುಣ ಅನ್ನೋದು ಎಲ್ರಿಗೂ ಬರಲ್ಲ ಬಿಡಮ್ಮ," ಅಂದರು. ಹುಣ್ಣು ತೊಳೆದ ನನ್ನ ಕೈಯನ್ನು ನಾನು ಸೆರಗಿನೊಳಗೆ ಅಡಗಿಸಿಕೊಂಡೆ.

ಹೀಗಿರುವಾಗ ಒಂದು ಬಿರುಬೇಸಿಗೆಯಲ್ಲಿ ಹೈಮ ತಂಗಿಯ ಬಾಣಂತನಕ್ಕೆ ಹೊರಟಳು. ಅವಳ ಗಂಡನೂ ಕೆಲಸದ ಮೇಲೆ ಪರವೂರಿನಲ್ಲಿದ್ದ. ಗಂಟು ಕಟ್ಟುತ್ತ, ನನ್ನ ಮುಖ ನೋಡದೆ ಹೇಳಿದಳು: "ಅಕ್ಕಾ, ಮೂರು ವಾರ ಗಿಡ ನೋಡ್ಕೊಳ್ಳಿ. ಬುಡಕ್ಕೆ ಹಾಕಿದ್ರೆ ಸಾಲ್ದು. ಎರಡೂ ಹೊತ್ತು ಬೊಡ್ಡೆ ತೋಯೋ ಹಾಗೆ ಮೇಲಿಂದ ಹೊಯ್ಬೇಕು. ಇದರ ಬೇರೆಲ್ಲ ಬೊಡ್ಡೆ ಮೈಮೇಲೇ ಇರೋದು."

"ಯಾರು ಹೇಳಿದ್ದು?"

"ಮಾವ," ಎಂದಳು. ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಅವಳ ಬಸ್ಸು ಹೊರಟ ಮೇಲೆ ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಎಂಟು ತಿಂಗಳು ನನ್ನ ಕೈಯಲ್ಲಿ ಗಂಜಿ ಕುಡಿದ ಮನುಷ್ಯ, ಹೇಳಬೇಕಾದ ಒಂದು ಮಾತನ್ನು ಅವಳಿಗಷ್ಟೇ ಹೇಳಿಹೋದರಲ್ಲ! ಆ ಸಂಜೆ ನನ್ನ ಗಿಡದ ಬೊಡ್ಡೆಗೆ ಎರಡು ಕೊಡ ಹೊಯ್ದೆ. ಅವಳದರ ಬುಡಕ್ಕೆ ಮಾತ್ರ ಹೊಯ್ದೆ. ಮರುದಿನವೂ ಹಾಗೆಯೇ. ಒಂದು ಹೊತ್ತೂ ತಪ್ಪಿಸಲಿಲ್ಲ. ನೀರು ಹಾಕಲಿಲ್ಲವೆಂದು ಯಾರೂ ಅನ್ನುವಂತಿರಲಿಲ್ಲ. ಬಿಸಿಗಾಳಿ ಬೀಸುತ್ತಿತ್ತು. ಎರಡನೆಯ ವಾರಕ್ಕೆ ಗೋಡೆಯ ಆಚೆಯ ಸುರುಳಿ ಬಿಚ್ಚುವುದನ್ನು ನಿಲ್ಲಿಸಿತು. ಮೂರನೆಯ ವಾರಕ್ಕೆ ಸುಟ್ಟ ಬತ್ತಿಯಂತೆ ಕಪ್ಪಾಯಿತು. ನನಗೆ ಖುಷಿಯಾಯಿತೆ? ಆಯಿತು. ಸುಳ್ಳು ಯಾಕೆ ಹೇಳಲಿ.

ಹೈಮ ಬಂದವಳು ಬೊಡ್ಡೆಯನ್ನು ಮುಟ್ಟಿದಳು. ಬುಡದ ಕೆಸರನ್ನು ನೋಡಿದಳು. ಅಂದಿನಿಂದ ತಿಂಗಳುಗಟ್ಟಲೆ ಆ ಬೋಳು ತಲೆಗೆ ಕೊಡಗಟ್ಟಲೆ ನೀರು ಸುರಿದಳು. ಈಚೆ ನನ್ನ ಗಿಡದಲ್ಲಿ ಒಂದೇ ಸಲಕ್ಕೆ ಮೂರು ಸುರುಳಿ ಎದ್ದವು. ಅವನ್ನು ನೋಡಲು ನನಗೇ ಮುಖವಿಲ್ಲದಾಯಿತು. ಕೊನೆಗೊಂದು ಮಧ್ಯಾಹ್ನ ಗೋಡೆಯ ಬಳಿ ಹೋದೆ.

"ಹೈಮಾ, ನಾನು ಬೊಡ್ಡೆಗೆ ಹೊಯ್ಲಿಲ್ಲ ಕಣೆ."

"ಗೊತ್ತು ಅಕ್ಕ. ಬಂದ ದಿನಾನೇ ಗೊತ್ತಾಯ್ತು."

"ಮತ್ತೆ ಬೈಬಾರ್ದಿತ್ತೆ?"

"ಯಾವ ಬಾಯಲ್ಲಿ ಬೈಲಿ?" ಅವಳು ಕೊಡ ಕೆಳಗಿಟ್ಟಳು. "ಮಾವ ಹಾಸಿಗೇಲಿದ್ದಾಗ ನಂಗೆ ಇದನ್ನ ಹೇಳಿ, 'ದೊಡ್ಡವಳು ನನ್ನ ಚಾಕರೀಲೇ ಸೋತುಹೋಗಿದಾಳೆ, ಬಿಡುವಾದಾಗ ಅವಳಿಗೂ ಹೇಳು' ಅಂದಿದ್ರು. ನಾನು ಹೇಳ್ಲಿಲ್ಲ."

"ಯಾಕೆ?"

"ನಾನು ಗಂಜಿ ತಂದ್ರೆ ತುಟಿ ಬಿಗೀತಿದ್ರು. ನೀವು ತಂದ್ರೆ ಕುಡೀತಿದ್ರು. ಕಾಲ ಹತ್ರ ಕೂತು ಅದನ್ನೇ ನೋಡ್ತಿದ್ದೆ ಅಕ್ಕ, ದಿನಾ. ಒಂದು ಗಿಡವಾದ್ರೂ ನಂದಾಗ್ಲಿ ಅನ್ನಿಸ್ತು."

ನಾನು ಒಳಗೆ ಬಂದೆ. ಒಂಬತ್ತು ವರ್ಷದ ಸಿಟ್ಟು ತಲೆಗೇರಿತ್ತು. ವಾರಗಟ್ಟಲೆ ಗೋಡೆಯ ಕಡೆ ಹೋಗಲಿಲ್ಲ. ಆದರೆ ಪಾತ್ರೆ ತಿಕ್ಕುವಾಗ, ಅಕ್ಕಿ ಆರಿಸುವಾಗ, 'ಅವಳಿಗೂ ಹೇಳು' ಎಂಬ ಮಾತು ಮಾವನ ದನಿಯಲ್ಲೇ ಕೇಳುತ್ತಿತ್ತು. ಅವರು ನನ್ನನ್ನು ಮರೆತಿರಲಿಲ್ಲ. ಆ ಒಂದು ಸಮಾಧಾನ ಸಿಟ್ಟನ್ನು ಮೆಲ್ಲಗೆ ತಿಂದುಹಾಕಿತು. ಮಾತು ಮತ್ತೆ ಶುರುವಾಯಿತು, ಮೊದಲು ಮೊಸರಿನ ಹೆಪ್ಪಿಗೆ, ಆಮೇಲೆ ಸುಮ್ಮನೆ.

ಅವಳ ಮರ ಬದುಕಲಿಲ್ಲ. ಹೈಮ ಅದನ್ನು ಕೀಳಿಸಲೂ ಇಲ್ಲ. ಸತ್ತ ಬೊಡ್ಡೆಯ ನಾರಿಗೆ ಎಲ್ಲಿಂದಲೋ ತಂದ, ಮರದ ಮೈಗೆ ಅಂಟಿ ಬೆಳೆಯುವ ಸೀತಾಳೆದಂಡೆ ಗಿಡವನ್ನು ಕಟ್ಟಿದಳು. ಎರಡು ವರ್ಷಕ್ಕೆ, ಮೊದಲ ಮಳೆಗೆ, ಅದು ಮೊಳದುದ್ದ ನಸುಗೆಂಪು ಹೂಗೊಂಚಲು ಇಳಿಬಿಟ್ಟಿತು. ಬೀದಿಯ ಹೆಂಗಸರೆಲ್ಲ ಬಂದು ನೋಡಿದರು. ನನ್ನ ಮರಜರಿ ಆಗ ತಲೆಯೆತ್ತರ ಬೆಳೆದಿತ್ತು. ಯಾರೂ ತಿರುಗಿ ನೋಡಲಿಲ್ಲ. ಗೋಡೆಯ ಮೇಲೆ ಕೈಯಿಟ್ಟು ನಿಂತವಳಿಗೆ ಹೊಟ್ಟೆಯೊಳಗೆ ಆ ಹಳೆಯ ಬಿಸಿ ಮೆಲ್ಲನೆ ಎದ್ದದ್ದು ತಿಳಿಯಿತು.

ಹೈಮ ನನ್ನನ್ನೇ ನೋಡುತ್ತಿದ್ದಳು. ಗೊಂಚಲಿನ ಪಕ್ಕದ ಮರಿಯೊಂದನ್ನು ಬೇರುಸಮೇತ ಬಿಡಿಸಿ, ಬೀದಿ ಸುತ್ತಿ ನಮ್ಮ ಬಾಗಿಲಿನಿಂದ ಬಂದಳು. ನನ್ನ ಮರದ ಬೊಡ್ಡೆಗೆ ಅದನ್ನು ಒತ್ತಿ, ಬಾಳೆನಾರನ್ನು ಹಲ್ಲಲ್ಲಿ ಸೀಳುತ್ತ ಅಂದಳು:

"ಬಿಗಿಯಾಗಿ ಹಿಡ್ಕೊಳ್ಳಿ ಅಕ್ಕ. ಕೈ ತೆಗೀಬೇಡಿ."

ಹಿಡಿದುಕೊಂಡೆ. ಬೊಡ್ಡೆಯ ನೀರು ಅವಳ ಬೆರಳುಗಳ ಸಂದಿಯಿಂದ ಇಳಿದು ನನ್ನ ಮುಂಗೈಗೆ, ಅಲ್ಲಿಂದ ಬಳೆಗಳಿಗೆ, ತಣ್ಣಗೆ ಹರಿಯಿತು.