ಡೈನಾಳ ಮಗ ಪೀಟರ್

ನಾವು ಹೆಳವರು. ನನ್ನ ತಾತ ಎತ್ತಿನ ಮೇಲೆ ಕೂತು ಹಾಸನದ ಸುತ್ತಿನ ಊರೂರು ತಿರುಗಿ, ಮನೆ ಮುಂದೆ ನಿಂತು ಆ ಮನೆಯ ಹತ್ತು ತಲೆಮಾರನ್ನು ರಾಗವಾಗಿ ಹೇಳುತ್ತಿದ್ದವನು. ಸತ್ತವರು, ಓಡಿಹೋದವರು, ಇಟ್ಟುಕೊಂಡವಳಿಗೆ ಹುಟ್ಟಿದವರು, ಯಾರನ್ನೂ ಬಿಡುವಂತಿರಲಿಲ್ಲ. ಬಿಟ್ಟರೆ ಆ ಮನೆಯ ಕಾಳು ಮುಟ್ಟಬಾರದು ಎಂಬುದು ನಮ್ಮ ಕಟ್ಟಳೆ.

ಇದನ್ನೇ ಬಂಡವಾಳ ಮಾಡಿಕೊಂಡು ಯೋಗಾನಂದ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ. ಅಮೆರಿಕದ ಹೇವರ್ಡಿನಲ್ಲಿ ಸಿರಿವಂತರ ವಂಶಚರಿತ್ರೆಯನ್ನು ಚರ್ಮದ ರಟ್ಟಿನ ಪುಸ್ತಕ ಮಾಡಿಕೊಡುವ ವ್ಯಾಪಾರ ಅವನದು. ಅವನ ಮನೆತನದ ವಂಶ ಹೇಳುತ್ತಿದ್ದವನೂ ನಮ್ಮ ತಾತನೇ. ಮಗಳು ಕಾವ್ಯಾಳ ಮದುವೆಯಲ್ಲಿ ಅದನ್ನು ನಾನೇ ಹೇಳಬೇಕೆಂದು ಮಾತು ತೆಗೆದುಕೊಂಡಿದ್ದ.

ಈ ಸಲದ ಗಿರಾಕಿ ಮಿಸೆಸ್ ಹಾರ್ಗ್ರೋವ್. ಆಕೆಯ ಮೂಲಪುರುಷ ಜೋಸಾಯ, ಸುಮಾರು ಮುನ್ನೂರು ವರ್ಷದ ಹಿಂದೆ ವರ್ಜೀನಿಯಾದಲ್ಲಿ ಹೊಗೆಸೊಪ್ಪಿನ ತೋಟ ಮಾಡಿದವನು. ಆಕೆ ಸ್ಕ್ಯಾನ್ ಮಾಡಿ ಕಳಿಸಿದ ಅವನ ಬೈಬಲ್ಲಿನ ಮೊದಲ ಹಾಳೆಯಲ್ಲಿ ಹೆಂಡತಿ ಮಕ್ಕಳ ಹೆಸರು. ಕಟ್ಟಕಡೆಯ ಹಾಳೆಯಲ್ಲಿ, ಅವನದೇ ಕೈಬರಹದಲ್ಲಿ, ತೋಟದ ಗುಲಾಮರ ನಲವತ್ತೊಂದು ಹೆಸರು. ಅದರ ಕೆಳಗೆ ದನಗಳದು. ಮೂವತ್ತನೆಯ ಸಾಲು: 'ಡೈನಾಳ ಮಗ ಪೀಟರ್, ನನ್ನಿಂದ ಹುಟ್ಟಿದವನು.'

ನನ್ನ ಮೈ ಉರಿದುಹೋಯಿತು. ಸ್ವಂತ ಮಗನನ್ನು ದನಗಳ ಜೊತೆ ಬರೆದಿಟ್ಟಿದ್ದಾನಲ್ಲ ಪಾಪಿ!

"ಆ ಲಾಸ್ಟ್ ಪೇಜು ತೆಗ್ದಾಕಪ್ಪ," ಎಂದ ಯೋಗಾನಂದ. "ಫ್ಯಾಮಿಲಿ ರಿಯೂನಿಯನ್ನಿಗೆ ಹಂಚೋ ಬುಕ್ಕು. ಅವ್ರಿಗೆ ಅದು ಬೇಡ್ವಂತೆ."

"ಪೀಟರ್ ಫ್ಯಾಮಿಲಿ ಅಲ್ವ ಸಾರ್?"

"ನಿಂಗ್ಯಾಕಯ್ಯ ಊರ ಉಸಾಬರಿ? ಡಿಲೀಟ್ ಮಾಡು."

ಮಾಡಿದೆ. ನನ್ನ ವೀಸಾ ಅವನ ಕೈಯಲ್ಲಿತ್ತು. ಆ ವಾರವೆಲ್ಲ ನನಗೆ ನನ್ನ ಮೇಲೇ ಹೇಸಿಗೆ.

ಶನಿವಾರ ಆಕೆ ಪುಸ್ತಕ ಒಯ್ಯಲು ಬಂದಳು. ಯೋಗಾನಂದ ಹಲ್ಲು ಕಿರಿಯುತ್ತ, "ಕೆಂಪರಾಜು, ಮೇಡಮ್ ವಂಶ ಒಂದ್ಸಲ ನಿಮ್ ತಾತನ್ ಸ್ಟೈಲಲ್ಲಿ ಹೇಳ್ಬಿಡು," ಎಂದ. ಪ್ರತಿ ಗಿರಾಕಿಯ ಮುಂದೆಯೂ ನನ್ನಿಂದ ಈ ಆಟ ಆಡಿಸುತ್ತಿದ್ದ.

ಎದ್ದು ನಿಂತೆ. ಆಕೆಗೆ ತಿಳಿಯಲೆಂದು ಇಂಗ್ಲಿಷಿನಲ್ಲೇ, ತಾತನ ರಾಗದಲ್ಲಿ, ಜೋಸಾಯನಿಂದ ಶುರುಮಾಡಿದೆ. ಆಕೆ ನಗುತ್ತ ಫೋನಿನಲ್ಲಿ ವಿಡಿಯೊ ಹಿಡಿದಳು. ಹೆಂಡತಿ ಆಯಿತು, ನಾಲ್ಕು ಮಕ್ಕಳಾದರು. ನಾನು ನಿಲ್ಲಿಸಲಿಲ್ಲ. ಕೇಟೊ. ಸೂಕಿ. ಡೈನಾ. ಡೈನಾಳ ಮಗ ಪೀಟರ್, ತಂದೆ ಜೋಸಾಯ. ಹಾಳೆ ಅಳಿಸಿದರೇನಂತೆ, ನಲವತ್ತೊಂದೂ ನನಗೆ ಬಾಯಿಪಾಠವಾಗಿದ್ದವು.

ಫೋನು ಕೆಳಗಿಳಿಯಿತು. "ಅವರು ನಮ್ಮ ಕುಟುಂಬದವರಲ್ಲ," ಎಂದಳು ಆಕೆ.

"ಬರೆದಿಟ್ಟವನು ನಿಮ್ಮ ಜೋಸಾಯ, ಮೇಡಮ್. ನಾನಲ್ಲ."

ಯೋಗಾನಂದ ನನ್ನ ತೋಳು ಹಿಡಿದು ಪಾರ್ಕಿಂಗ್ ಲಾಟಿಗೆ ದರದರ ಎಳೆದುಕೊಂಡು ಬಂದ. "ತಲೆ ಕೆಟ್ಟಿದೆಯೇನೋ? ಕೆಲ್ಸ ಹೋಯ್ತು ನಿಂದು!"

"ಹೋಗ್ಲಿ ಸಾರ್. ಕಾವ್ಯಾ ಮದ್ವೆಗೆ ಮಾತ್ರ ತಪ್ಪಿಸ್ಕೊಳಲ್ಲ, ಬಂದು ಹೇಳ್ತೀನಿ. ತಾತ ನಿಮ್ಮನೇದೂ ಪೂರ್ತಿ ಕಲ್ಸವ್ನೆ. ನಿಮ್ ಮುತ್ತಜ್ಜಂಗೆ ಜೀತದ ಚೆನ್ನಿ ಹೊಟ್ಟೇಲಿ ಹುಟ್ಟಿದ ಮಗನ್ ಹೆಸ್ರೂ ಸೇರ್ಸಿ."

ಅವನ ಕೈ ನನ್ನ ತೋಳನ್ನು ಬಿಟ್ಟಿತು.