ಜೊಹ್ಯಾನ್ ಅಂದರೆ ಯಾರು?

"ಇದು ನಮ್ಮ ಹುಡುಗಿ ಕಾಗದ ಅಲ್ಲ ಕಣಮ್ಮ," ಎಂದಳು ಬೊಕ್ಸಿಮ್. "ಆ ಜೊ ಹ್ಯಾನ್ ಅನ್ನೋರು ಯಾರೋ, ಪಾಪ, ಹೊರಗೆ ಕಾಯ್ತಾ ಕೂತಿರ್ಬೇಕು. ನಮ್ಮ ಮನೆತನದ ಹೆಸರು ಜೊ ಅಲ್ಲ, ಪ್ಯೊ. ಇವಳು ಪ್ಯೊ ಹೇವನ್."

ಡಾಕ್ಟರ್ ಮಿನ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ನಿಮ್ಮ ಮಗಳಿಗಿರುವುದು ಜೊಹ್ಯಾನ್ ಕಾಯಿಲೆ ಎಂದು ಅವರು ಆಗಷ್ಟೇ ಹೇಳಿದ್ದರು. ಬೊಕ್ಸಿಮ್ ಅದನ್ನು ಬೇರೊಬ್ಬ ರೋಗಿಯ ಹೆಸರೆಂದುಕೊಂಡಿದ್ದಳು.

"ಜೊಹ್ಯಾನ್ ಅನ್ನೋದು ಮನುಷ್ಯರ ಹೆಸರಲ್ಲಮ್ಮ. ತಂತಿವಾದ್ಯದ ಶ್ರುತಿ ಸೇರಿಸ್ತಾರಲ್ಲ, ಆ ಕೆಲಸಕ್ಕೆ ಹಾಗನ್ನೋದು. ಮನಸ್ಸಿನ ತಂತಿ ಶ್ರುತಿ ತಪ್ಪಿದೆ ಅಂತ ಅರ್ಥ."

ಮೂಲೆಯ ಕುರ್ಚಿಯಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದ ಹೇವನ್ ಕಿಸಕ್ಕೆಂದಳು. "ಅಮ್ಮ, ಜೊ ಹ್ಯಾನ್ ನಾನೇ ಅಂತೆ."

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಬೊಕ್ಸಿಮ್ ಮಗಳ ಮುಖವನ್ನೇ ನೋಡಿದಳು. ಮಾಗಿ ಶುರುವಾದಾಗಿನಿಂದ ಈ ಹುಡುಗಿ ನಕ್ಕಿರಲಿಲ್ಲ. ಅಡಿಗೆಮನೆಯ ಫ್ರಿಜ್ಜಿನ ಹಿಂದೆ ಇಬ್ಬರು ಗಂಡಸರು ಕೂತು ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಿದ್ದಳು. ಹಲ್ಲಿನ ದವಾಖಾನೆಯ ಕೆಲಸ ಬಿಟ್ಟಳು. ಒಂಬತ್ತು ದಿನದಿಂದ ನಿದ್ದೆಯನ್ನೂ ಬಿಟ್ಟಿದ್ದಳು. ಬೊಕ್ಸಿಮ್ ಫ್ರಿಜ್ಜನ್ನೇ ಆರಿಸಿ, ತಾನು ಸಂತೆಯಲ್ಲಿ ಮಾರುವ ಕಿಮ್ಚಿ ಉಪ್ಪಿನಕಾಯಿಯ ಡಬ್ಬಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದಳು. ಪಕ್ಕದ ಮನೆಯವಳು ಯಾಕೆ ಏನೆಂದು ಕೇಳದೆ ತನ್ನ ಸಾಮಾನನ್ನು ಸರಿಸಿ ಜಾಗ ಮಾಡಿಕೊಟ್ಟಿದ್ದಳು. ಫ್ರಿಜ್ಜಿನ ಸದ್ದು ನಿಂತರೂ ಆ ಇಬ್ಬರ ಮಾತು ನಿಲ್ಲಲಿಲ್ಲ.

"ಹಂಗಾದ್ರೆ ಇದು ಅದಲ್ಲ ತಾನೇ?" ಬೊಕ್ಸಿಮ್ ದನಿ ತಗ್ಗಿಸಿದಳು. "ಆ... ಮನಸ್ಸು ಸೀಳೋ ರೋಗ?"

ಅಲ್ಲ ಎಂದುಬಿಡಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು, ಮೇಜು ಬಳಸಿ ಬಂದು, ಪಕ್ಕದ ಸ್ಟೂಲಿನ ಮೇಲೆ ಕೂತರು.

"ಅದೇ ಅಮ್ಮ. ಹಳೇ ಹೆಸರನ್ನ ಜನ ಬೈಗುಳ ಮಾಡ್ಕೊಂಡುಬಿಟ್ಟಿದ್ರು. ಹೆಸರು ಬದಲಾಯಿಸಿದ್ದಾರೆ. ಕಾಯಿಲೆ ಅದೇ."

ಬೊಕ್ಸಿಮ್ ಕೆಳಗೆ ನೋಡಿದಳು. ಕಾಲುಗಳ ನಡುವೆ ಬಟ್ಟೆಯ ಗಂಟು ಇತ್ತು: ಮಗಳ ಒಳಬಟ್ಟೆ, ದಪ್ಪ ಕಾಲುಚೀಲ, ಟವೆಲ್ಲು.

"ನಮ್ಮಣ್ಣನಿಗಿತ್ತು," ಎಂದಳು. ನಲವತ್ತು ವರ್ಷದಲ್ಲಿ ಗಂಡನಿಗೂ ಹೇಳದ ಮಾತು. "ಗ್ಯುತೇ ಅಂತ. ಮಿಲಿಟರಿಯಿಂದ ಬಂದ ಮೇಲೆ ಶುರುವಾಯ್ತು. ಬೆಟ್ಟದ ಮೇಲೆ ಪ್ರಾರ್ಥನೆ ಮನೆ ಅಂತ ಒಂದಿತ್ತು, ಅಲ್ಲಿ ಹಾಕಿ ಬೀಗ ಜಡಿದ್ರು. ನಾನು ಜವೆ ಅನ್ನ ಕಟ್ಕೊಂಡು ಹೋಗ್ತಿದ್ದೆ. ಕಿಟಕಿ ಸಂದಿಯಿಂದ ತಿನ್ನಿಸ್ತಿದ್ದೆ. ಮೂರನೇ ಚಳಿಗಾಲ ದಾಟಲಿಲ್ಲ ಅವನು." ಉಸಿರು ಎಳೆದುಕೊಂಡಳು. "ಇವಳನ್ನ ಯಾವಾಗ ಕರ್ಕೊಂಡು ಹೋಗ್ತೀರಿ?"

"ಎಲ್ಲಿಗೆ?"

"ಬೀಗ ಹಾಕೋ ಕಡೆಗೆ."

ಡಾಕ್ಟರು ಗಂಟನ್ನು ನೋಡಿದರು. ಬಗ್ಗಿ ಅದನ್ನೆತ್ತಿ ಬೊಕ್ಸಿಮಳ ತೊಡೆಯ ಮೇಲಿಟ್ಟರು.

"ಮನೆಗೆ ಕರ್ಕೊಂಡು ಹೋಗಿ. ಗುರುವಾರ ಮತ್ತೆ ಬನ್ನಿ."

"ಮನೆಗಾ?"

"ಮನೆಗೇ. ದಿನಾ ಮಾತ್ರೆ ತಗೋಬೇಕು. ಬೇಗ ಬಿಡೋ ಹಾಗಿಲ್ಲ. ಬಾಯಿ ಒಣಗುತ್ತೆ, ಮೈ ಬರಬಹುದು. ಒಂದು ಒಗ್ಗದಿದ್ರೆ ಇನ್ನೊಂದು ನೋಡೋಣ. ಮುಂದೆಂದಾದ್ರೂ ಇಲ್ಲಿ ಮಲಗಿಸಬೇಕಾಗಿ ಬರಬಹುದು, ಬರೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ಬಂದ್ರೂ ನೀವು ಬಂದು ನೋಡಬಹುದು, ಬಾಗಿಲಿಂದಲೇ." ಆಮೇಲೆ ಮೂಲೆಯತ್ತ ತಿರುಗಿದರು. "ಹೇವನ್, ನೀವೇನಂತೀರಿ?"

ಹೇವನ್ ಟೋಪಿಯನ್ನು ಬೆರಳಷ್ಟು ಮೇಲಕ್ಕೆ ಸರಿಸಿದಳು. "ಅವರಿಬ್ರು ಸುಮ್ಮನಾಗ್ತಾರಾ?"

"ಮೊದಲು ದನಿ ತಗ್ಗಿಸ್ತಾರೆ. ಕೆಲವು ವಾರ ಬೇಕು."

"ತಗ್ಗಿಸಿದ್ರೂ ಸಾಕು. ನಂಗೆ ನಿದ್ದೆ ಬೇಕು."

ನರ್ಸು ಮಾತ್ರೆ ತಂದಳು. ಕಾಗದದ ಲೋಟದ ನೀರು ತಣ್ಣಗಿದೆಯೆಂದು ತಾನೇ ಹಿಂದಕ್ಕೆ ಹೋಗಿ ಒಂದಿಷ್ಟು ಬಿಸಿನೀರು ಬೆರೆಸಿಕೊಂಡು ಬಂದಳು. ಹೇವನ್ ನುಂಗಿದಳು.

ಮಧ್ಯಾಹ್ನದ ಬಸ್ಸಿನಲ್ಲಿ ಜನ ಹೆಚ್ಚಿರಲಿಲ್ಲ. ಮೊಕ್ಪೊ ಬಂದರಿನ ಮೀನಿನ ಸಂತೆ ದಾಟುವಷ್ಟರಲ್ಲಿ ಹೇವನಳ ತಲೆ ಅಮ್ಮನ ಭುಜಕ್ಕೆ ವಾಲಿತು. ಬೊಕ್ಸಿಮ್ ಉಸಿರು ಬಿಗಿಹಿಡಿದು ಕಾದಳು. ತಲೆ ಮೇಲೇಳಲಿಲ್ಲ. ಇಳಿಯುವ ಸ್ಟಾಪು ಬಂತು, ಬಸ್ಸು ನಿಲ್ಲಿಸುವ ಗಂಟೆಯ ಗುಂಡಿ ಕೈಗೆಟಕುವಲ್ಲೇ ಇತ್ತು. ಅವಳು ಒತ್ತಲಿಲ್ಲ.

ದೋಣಿಕಟ್ಟೆಯ ಬಳಿ ಬಸ್ಸು ನಿಂತಿತು. ಡ್ರೈವರು ಕನ್ನಡಿಯಲ್ಲಿ ನೋಡಿದ.

"ಅಮ್ಮಾ, ಕೊನೇ ಸ್ಟಾಪು."

"ಗೊತ್ತಪ್ಪ. ನಮ್ಮದು ಹಿಂದೆಯೇ ಹೋಯ್ತು."

"ಮತ್ತೆ ಹೇಳೋದಲ್ವಾ? ಇಳೀರಿ, ಇಳೀರಿ."

"ಮಗಳಿಗೆ ಹುಷಾರಿಲ್ಲ. ಒಂಬತ್ತು ದಿನ ಆಯ್ತು ನಿದ್ದೆ ಕಂಡು. ಈಗ ತಾನೆ ಕಣ್ಣು ಹತ್ತಿದೆ."

ಡ್ರೈವರು ಎದ್ದು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ. "ಏನಂತೆ ಕಾಯಿಲೆ?"

"ಜೊಹ್ಯಾನ್," ಎಂದಳು ಬೊಕ್ಸಿಮ್, ದನಿ ತಗ್ಗಿಸದೆ.

ಅವನು ತಲೆ ಕೆರೆದುಕೊಂಡ. "ಹನ್ನೆರಡು ನಿಮಿಷ ಬಿಟ್ಟು ವಾಪಸು ಹೊರಡ್ತೀನಿ. ಕೂತಿರಿ ಹಂಗೇ," ಎಂದು ಹೋಗಿ ಎಂಜಿನ್ನು ಆರಿಸಿದ, ರೇಡಿಯೋ ಆರಿಸಿದ. ಇಳಿಯಲು ಹೊರಟವನು ಮತ್ತೆ ಹಿಂದಿರುಗಿ ಬಂದ. ಹುಡುಗಿಯ ಮುಖಕ್ಕೆ ನೇರ ಬಿಸಿಲು ಬೀಳುತ್ತಿತ್ತು. ಕಂಕುಳಲ್ಲಿದ್ದ ಪೇಪರಿನ ಒಂದು ಹಾಳೆಯನ್ನು ಕಿಟಕಿಯ ಸಂದಿಗೆ ಸಿಕ್ಕಿಸಿ, ಹೆಜ್ಜೆ ಸಪ್ಪಳವಾಗದಂತೆ ಇಳಿದುಹೋದ.

ಹೇವನಳ ಬಾಯಿ ಕೊಂಚ ತೆರೆದುಕೊಂಡಿತು. ಜೊಲ್ಲಿನ ಎಳೆಯೊಂದು ಅಮ್ಮನ ಕೋಟಿನ ತೋಳಿಗಿಳಿದು ನಿಧಾನವಾಗಿ ಅಗಲವಾಗುತ್ತಿತ್ತು. ತೋಳು ಆಗಲೇ ಜೋಮು ಹಿಡಿದಿತ್ತು. ಬೊಕ್ಸಿಮ್ ಕದಲಲಿಲ್ಲ.