ಒಂದು ಮುಚ್ಚಳ ನೀಲಿ

ಬಕೆಟ್ಟಿಗೆ ಇಳಿದಾಗ ತುಪ್ಪದ ಬಣ್ಣವಿದ್ದ ಅಂಗಿ, ಮೇಲೆ ಬರುವಾಗ ಆಕಾಶವಾಗಿತ್ತು. ಗುಡ್ಡಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹಿತ್ತಲಿನ ಸಂಜೆ ಬೆಳಕಿಗೊಮ್ಮೆ ತೋರಿಸಿದಳು, ಬಾಗಿಲ ಬಲ್ಬಿಗೊಮ್ಮೆ ತೋರಿಸಿದಳು. ಬಲ್ಬಿನಲ್ಲಿ ಇನ್ನಷ್ಟು ನೀಲಿಯಾಗಿ ಕಂಡಿತು. ತೋಳಿನಿಂದ ಇಳಿದ ನೀರು ಅವಳ ಮೊಳಕೈವರೆಗೆ ಗೆರೆ ಎಳೆಯಿತು.

"ಮುಗೀತು," ಎಂದಳು ಗೋಡೆಯ ಮೇಲಿನ ಬೆಕ್ಕಿಗೆ. "ಇಂಟರ್‌ವಲ್ಲಿಗಿಂತ ಮೊದ್ಲೇ ಹೀರೋಯಿನ್ ಖಲ್ಲಾಸ್."

ಬೆಕ್ಕು ಎದ್ದು ಹೋಯಿತು. ಈ ಸಿನೆಮಾ ಅದಕ್ಕೆ ಬೇಡವಾಗಿತ್ತು.

ಅಂಗಿ ಗುಡ್ಡಿಯದಲ್ಲ, ಪಕ್ಕದ ಓಣಿಯ ಪಂಚಶೀಲಾಳದ್ದು. ಇಬ್ಬರೂ ಏಳನೆಯ ಕ್ಲಾಸು. ನಾಳೆ ಹನ್ನೊಂದಕ್ಕೆ ಶಹಾಪುರದ ಅವರ ಶಾಲೆಯಲ್ಲೇ ಸಮೂಹಗಾನದ ಸ್ಪರ್ಧೆ. ಯಾದಗಿರಿಯಿಂದ, ಸುರಪುರದಿಂದ ಮಕ್ಕಳು ಬರುತ್ತಾರೆ. ಇಪ್ಪತ್ತೊಂದು ಮಂದಿಯ ತಂಡದಲ್ಲಿ ಗುಡ್ಡಿಯದು ಢೋಲಕ್. ಮುಂದೆ ನಿಂತು ಬೀಸುಕಲ್ಲಿನ ಪದ ಎತ್ತುವವಳು ಪಂಚಶೀಲಾ. ಅವಳು ಬಾಯಿ ತೆರೆದರೆ ಬಿಸಿಯೂಟದ ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಸಂಗೀತ ಕಲಿಸುವ ಸರೋಜಾ ಟೀಚರ್ ಬಿಳಿ ಅಂಗಿ ಎಂದು ನಿಯಮ ಮಾಡಿದ್ದರು. ಯಾವ ಮನೆಯಲ್ಲಾದರೂ ಒಂದು ಬಿಳಿ ಅಂಗಿ ಇದ್ದೇ ಇರುತ್ತದೆ, ಯಾರೂ ಹೊಸದು ಹೊಲಿಸಬೇಕಿಲ್ಲ ಎಂಬುದು ಅವರ ಲೆಕ್ಕ. ಅಂದು ಮಧ್ಯಾಹ್ನ ಸಾಲು ನಿಲ್ಲಿಸಿ ನೋಡುತ್ತ ಬಂದವರು ಪಂಚಶೀಲಾಳ ಎದುರು ನಿಂತುಬಿಟ್ಟರು. ಅವ್ವ ಸುಂದ್ರಮ್ಮ ಭಾನುವಾರ ಬೌದ್ಧ ವಿಹಾರದ ವಂದನೆಗೆ ಉಡುತ್ತಿದ್ದ ಬಿಳಿ ಸೀರೆಯಲ್ಲಿ ಕತ್ತರಿಸಿ ಹೊಲಿದ ಅಂಗಿ ಅದು. ಎಷ್ಟೋ ಭಾನುವಾರಗಳು ಅದಕ್ಕೆ ಹಳದಿ ಹಿಡಿಸಿದ್ದವು.

"ಜಡ್ಜ್ ಮಂದಿ ಡ್ರೆಸ್ಸಿಗೇ ಹತ್ತು ಮಾರ್ಕ್ಸ್ ಇಟ್ಟಾರ," ಎಂದರು ಟೀಚರ್. "ಹೋದ ವರ್ಷ ಸುರಪುರದವ್ರು ನಮ್ಮನ್ನ ಎರಡೇ ಮಾರ್ಕ್ಸಿನ್ಯಾಗ ಹೊಡದ್ರು. ಯಾಕ? ನಮ್ಮ ಸಾಲಿನ್ಯಾಗ ಒಂದು ಗುಲಾಬಿ ಅಂಗಿ ಇತ್ತು. ನಾಳಿ ಇದು ಬೆಳ್ಳಗ ಆಗಲಿಲ್ಲಂದ್ರ ನೀ ಹಿಂದಿನ ಸಾಲಿಗೆ ಹೋಗವ್ವ. ಪದ ಮುಜಫರ ಎತ್ತತಾನ."

ಮುಜಫರನ ಮುಖ ಬಿಳಿಚಿತು. ಮೇಲಿನ ಸ್ವರಕ್ಕೆ ಹೋದಾಗ ತನ್ನ ದನಿ ಬಸ್ಸಿನ ಬ್ರೇಕಿನಂತೆ ಕೇಳಿಸುತ್ತದೆಂದು ಅವನಿಗೂ ಗೊತ್ತಿತ್ತು. ಪಂಚಶೀಲಾ ಅಂಗಿಯ ಗುಂಡಿ ತಿರುವುತ್ತ ನಿಂತಳು.

ಶಾಲೆ ಬಿಟ್ಟ ಮೇಲೆ ಗುಡ್ಡಿ ಅವಳ ದಾರಿಗೆ ಅಡ್ಡ ನಿಂತಿದ್ದಳು. "ಅಂಗಿ ಇಲ್ಲಿ ಕೊಡು. ನಮ್ಮಪ್ಪ ಯಾರು? ಇಸ್ತ್ರಿ ಕಿಂಗ್ ಯೂನುಸ! ನಾಳಿ ಇದನ್ನ ನೋಡಾಕ ಜಡ್ಜುಗಳು ಕೂಲಿಂಗ್ ಗ್ಲಾಸ್ ಹಾಕ್ಕೋಬೇಕು, ಹಂಗ ಮಾಡಿ ತರ್ತೀನಿ."

ಅಪ್ಪ ಯೂನುಸ ಬಸ್‌ಸ್ಟ್ಯಾಂಡ್ ಹಿಂದೆ ಇಸ್ತ್ರಿಗಾಡಿ ಇಟ್ಟಿದ್ದ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಮನೆಯಲ್ಲಿತ್ತು. ಲೀಡರುಗಳ ಖಾದಿ ಬಂದರೆ ಒಂದು ಬಕೆಟ್ ನೀರಿಗೆ ಅವನು ಅರ್ಧ ಮುಚ್ಚಳ ಹಾಕುವುದನ್ನು ಗುಡ್ಡಿ ನೋಡಿದ್ದಳು. ಬರೀ ಲೀಡರಿಗೆ ಅರ್ಧ ಮುಚ್ಚಳವಾದರೆ ಇಪ್ಪತ್ತೊಂದು ಮಂದಿಯ ಮುಂದೆ ನಿಂತು ಹಾಡುವವಳಿಗೆ ಎಷ್ಟು? ಅವಳು ಅರ್ಧ ಬಾಟಲಿ ಸುರಿದಿದ್ದಳು.

ಯೂನುಸ ಮನೆಗೆ ಬಂದಾಗ ಮಗಳು ಬಕೆಟ್ಟಿನ ಮುಂದೆ ಕೈಕಟ್ಟಿ ನಿಂತಿದ್ದಳು.

"ಅಬ್ಬಾ, ನನ್ನ ಕೈಯಾಗ ಒಂದು ಖೂನಿ ಆಗ್ಯಾದ."

"ಡೈಲಾಗ್ ಬಿಡು. ಯಾರ ಅಂಗಿ?"

"ಪಂಚಶೀಲಾಂದು."

ಅವನು ನಗಲಿಲ್ಲ. ತೋಳು ಮಡಚಿ ಕೂತು ಮೂರು ಸಲ ಒಗೆದ. ಮೂರು ಬಕೆಟ್ ನೀಲಿ ನೀರು ಚರಂಡಿಗೆ ಹೋಯಿತು. ಅಂಗಿ ತಿಳಿಯಾಯಿತು, ಬಿಳಿಯಾಗಲಿಲ್ಲ.

"ಹಳೀ ಹತ್ತಿ, ಬೇಟಾ. ನೀರಡಿಸಿ ಕುಂತಿತ್ತು, ಗಟಗಟ ಕುಡದುಬಿಟ್ಟದ. ಇನ್ನಾ ತಿಕ್ಕಿದ್ರ ಹರಿತದ," ಎಂದ. "ಮುಂಜಾನೆ ನೀನೇ ಹೋಗಿ ಹೇಳಬೇಕು. ನಾ ಹೇಳಂಗಿಲ್ಲ."

ಮುಂಜಾನೆ ಸುಂದ್ರಮ್ಮನ ಮನೆಯವರೆಗೆ ಗುಡ್ಡಿ ದಾರಿಯುದ್ದಕ್ಕೂ ನಾಲ್ಕು ಡೈಲಾಗು ಬಾಯಿಪಾಠ ಮಾಡಿದಳು. ಒಂದರಲ್ಲಿ ಕಣ್ಣೀರಿತ್ತು, ಒಂದರಲ್ಲಿ ಕೋರ್ಟು ಇತ್ತು. ಹೊಸ್ತಿಲ ಮುಂದೆ ನಿಂತಾಗ ನಾಲ್ಕೂ ಮರೆತುಹೋದವು.

"ಅತ್ತಿ, ನಾ ತಪ್ಪು ಮಾಡೀನ್ರಿ," ಎಂದು ಮಡಚಿದ ಅಂಗಿ ಮುಂದೆ ಹಿಡಿದಳು.

ಪಂಚಶೀಲಾ ಅದನ್ನು ನೋಡಿ ಗೋಡೆಗೆ ಒರಗಿ ಕೂತುಬಿಟ್ಟಳು. ಸುಂದ್ರಮ್ಮ ಅಂಗಿ ಬಿಡಿಸಿ ಬೆಳಕಿಗೆ ಹಿಡಿದಳು. ಹೊಲಿಗೆಯ ಮೇಲೆ ಬೆರಳು ಆಡಿಸಿದಳು. ಬಾಗಿಲ ಮೇಲೆ ಕಟ್ಟಿದ್ದ ಸಣ್ಣ ನೀಲಿ ಬಾವುಟ ಗಾಳಿಗೆ ಪಟಪಟ ಅಂದಿತು.

"ಎಷ್ಟು ಹಾಕೀದಿ ಖೋಡಿ?"

"ಅರ್ಧ ಬಾಟ್ಲಿ."

ಸುಂದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. "ನನ್ನ ಸೀರಿ ಹೊಸದಿದ್ದಾಗೂ ಇಷ್ಟು ಚೆಂದ ಇದ್ದಿಲ್ಲ ಬಿಡು! ನೀಲಿ ಏನು ನಮ್ಮ ಮನಿಗೆ ಹೊಸದಾ? ಹಾಕ್ಕೊಂಡು ಹೋಗು, ಶೀಲಾ."

"ಯವ್ವಾ, ಟೀಚರ್ ಹಾಡಾಕ ಬಿಡಂಗಿಲ್ಲ," ಎಂದಳು ಪಂಚಶೀಲಾ. "ಎಲ್ಲಾರೂ ಬಿಳಿ, ನಾ ಒಬ್ಬಾಕೀನೇ ನೀಲಿ."

ಗುಡ್ಡಿ ಅಂಗಿಯನ್ನೊಮ್ಮೆ, ಬಾವುಟವನ್ನೊಮ್ಮೆ ನೋಡಿದಳು. "ಒಬ್ಬಾಕೀನೇ ಯಾಕ?" ಎಂದವಳೇ ಪಂಚಶೀಲಾಳಿಗೆ ಅಂಗಿ ತೊಡಿಸಿ, ಕೈ ಹಿಡಿದು ಎಳೆದುಕೊಂಡು ಓಡಿದಳು. ದಾರಿಯಲ್ಲಿ ಮನೆಗೆ ನುಗ್ಗಿ ಉಳಿದ ಅರ್ಧ ಬಾಟಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

ಶಾಲೆಯ ಬಯಲಿನಲ್ಲಿ ಎಂಟೂವರೆಗೇ ಬಿಸಿಲು ಕುಳಿತಿತ್ತು. ಮಕ್ಕಳು ಯೂನಿಫಾರ್ಮಿನಲ್ಲಿ ಬಂದು, ಬಿಳಿ ಅಂಗಿಗಳನ್ನು ಚೀಲದಲ್ಲಿ ತಂದಿದ್ದರು. ಎಲ್ಲವನ್ನೂ ಅಲ್ಲೇ ಇಸ್ತ್ರಿ ಮಾಡಿಕೊಡಲು ಯೂನುಸ ತನ್ನ ಗಾಡಿಯನ್ನೇ ತಳ್ಳಿಕೊಂಡು ಬಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಕೆಂಡ ಊದುತ್ತಿದ್ದ. ಸರೋಜಾ ಟೀಚರ್ ನೀಲಿ ಅಂಗಿ ನೋಡಿದರು. ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ನೋಡಿದರು.

"ಇದು ಯಾರ ಕೆಲಸ?"

"ನಂದ್ರಿ ಟೀಚರ್. ಶಿಕ್ಷಾ ನನಗ ಕೊಡ್ರಿ, ಆಕಿಗಿ ಬ್ಯಾಡ್ರಿ," ಎಂದಳು ಗುಡ್ಡಿ. "ಆದ್ರ ಒಂದು ಮಾತು. ಜಡ್ಜುಗಳ ಕಾಗದದಾಗ ಬಿಳಿ ಅಂತ ಬರದಾರೇನ್ರಿ?"

ಕಾಗದ ಟೀಚರ ಕೈಯಲ್ಲೇ ಇತ್ತು. 'ಎಲ್ಲ ಮಕ್ಕಳಿಗೂ ಒಂದೇ ಬಗೆಯ ಉಡುಪು' ಎಂದಷ್ಟೇ ಇತ್ತು. ಟೀಚರ್ ಅದನ್ನು ಎರಡು ಸಲ ಓದಿದರು.

ಗುಡ್ಡಿ ಗಾಡಿಯ ಮೇಲೆ ರಾಶಿ ಬಿದ್ದಿದ್ದ ಅಂಗಿಗಳನ್ನು ಒಂದೊಂದಾಗಿ ಕಟ್ಟೆಯ ಮೇಲೆ ಹರವಿದಳು. ಬಿಸಿಲು ಯಾರ ಮುಲಾಜಿಗೂ ಬೀಳಲಿಲ್ಲ. ಒಂದು ಹಾಲಿನ ಹಾಗಿತ್ತು, ಒಂದು ಸುಣ್ಣದ ಹಾಗೆ, ಒಂದು ಹಳೆಯ ಪತ್ರಿಕೆಯ ಹಾಗೆ. ಮುಜಫರನದು ಶುಕ್ರವಾರದ ಕುರ್ತಾ, ಅದರ ಜೇಬಿನ ಬಳಿ ಅತ್ತರಿನ ಕಲೆ. ಇಪ್ಪತ್ತು ಅಂಗಿ, ಇಪ್ಪತ್ತು ಬಿಳಿ.

"ಇದರಾಗ ಯಾವ್ದು ಬಿಳಿ ಅಂತ ನೀವೇ ಹೇಳ್ರಿ, ಟೀಚರ್."

ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಮುಜಫರ ತನ್ನ ಕುರ್ತಾ ಎತ್ತಿಕೊಂಡ. ಬೇವಿನ ಗಿಡಕ್ಕೆ ನೀರು ಹಾಕುವ ಪ್ಲಾಸ್ಟಿಕ್ ಟಬ್ಬಿನಲ್ಲಿ ಗುಡ್ಡಿ ನೀಲಿ ಸುರಿದದ್ದೇ ತಡ, ಅದರಲ್ಲಿ ಅದ್ದಿ ಎತ್ತಿಬಿಟ್ಟ.

"ಏ ಮುಜಫರಾ!"

"ಇಬ್ಬರಾದ್ವಿ ನೋಡ್ರಿ ಟೀಚರ್," ಎಂದ ಅವನು, ಜೀವ ಉಳಿದವನ ಹಾಗೆ ನಗುತ್ತ. "ಪದ ಶೀಲಾನೇ ಎತ್ತಲಿ. ನಿಮ್ಮ ಕಾಲು ಬೀಳ್ತೀನಿ."

ಮಕ್ಕಳೆಲ್ಲ ಒಮ್ಮೆಲೇ ನಕ್ಕರು. ಟೀಚರ್ ಮಾತ್ರ ನಗಲಿಲ್ಲ. ಗಡಿಯಾರ ನೋಡಿದರು. ಕಟ್ಟೆಯ ಮೇಲೆ ಉಳಿದ ಹತ್ತೊಂಬತ್ತು ಬಿಳಿಗಳನ್ನು ನೋಡಿದರು. ಆಮೇಲೆ ಪಂಚಶೀಲಾಳನ್ನು ನೋಡಿದರು. ಅವಳು ಇನ್ನೂ ಅದೇ ಗುಂಡಿ ತಿರುವುತ್ತಿದ್ದಳು.

"ಯೂನುಸಭಾಯ್, ಈ ಬಣ್ಣ ಆಮ್ಯಾಲ ಹೋಗ್ತದೇನ್ರಿ?"

"ಒಂದು ಮುಚ್ಚಳದ ನೀಲಿ ಇದ್ರ ಎರಡು ಒಗತಕ್ಕ ಹೋಗ್ತದ್ರಿ. ಅರ್ಧ ಬಾಟ್ಲಿಗಿ ನಾಲ್ಕೈದು. ನಾನೇ ಒಗದು ಕೊಡ್ತೀನಿ, ಜಿಮ್ಮಾ ನಂದು."

"ಹನ್ನೊಂದರೊಳಗ ಒಣಗತಾವಾ?"

"ಟೀಚರ್, ಇದು ಶಹಾಪುರದ ಬಿಸಿಲ್ರಿ," ಎಂದಳು ಗುಡ್ಡಿ. "ಒಂದು ದಿನಾನೂ ರಜಾ ತೊಗೊಂಡಿಲ್ಲ."

ಸರೋಜಾ ಟೀಚರ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಬಳೆ ಮೇಲಕ್ಕೆ ಸರಿಸಿ ಟಬ್ಬಿನ ಮುಂದೆ ಕೂತರು. "ಸರೀರಿ ಎಲ್ಲಾ. ಖಾಲಿಪೀಲಿ ಅದ್ದಿದ್ರ ಪಟ್ಟಾಪಟ್ಟಿ ಆಗ್ತಾವ. ಒಂದೊಂದೇ ತರ್ರಿ. ನಾ ಹತ್ತು ಎಣಸೂತನಕ ಯಾರೂ ಎತ್ತಬಾರದು. ಮನ್ಯಾಗ ಬೈದ್ರ ನನ್ನ ಹೆಸರು ಹೇಳ್ರಿ."

ಪ್ರತಿ ಅಂಗಿಯನ್ನೂ ಎತ್ತಿ ಪಂಚಶೀಲಾಳ ತೋಳಿನ ಪಕ್ಕ ಹಿಡಿದು ನೋಡಿದರು. ತಿಳಿಯಾಗಿದ್ದರೆ ಮತ್ತೆ ಅದ್ದಿದರು. ಹಾರ್ಮೋನಿಯಂ ಶ್ರುತಿಗೆ ದನಿ ಕೂಡಿಸುವಾಗ ಹಾಕುವಂಥ ಮುಖವನ್ನೇ ಹಾಕಿಕೊಂಡಿದ್ದರು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಶಾಲೆಯ ತಂತಿಬೇಲಿಯ ಮೇಲೆ ಇಪ್ಪತ್ತು ನೀಲಿ ಅಂಗಿಗಳು ಕೈ ಅಗಲಿಸಿ ನಿಂತಿದ್ದವು. ರಸ್ತೆಯ ಟಂಟಂನವನು ಗಾಡಿ ನಿಲ್ಲಿಸಿ ನೋಡಿ ಹೋದ. ಆಮೇಲೆ ಯೂನುಸನ ಇಸ್ತ್ರಿಪೆಟ್ಟಿಗೆ ಹಬೆ ಬಿಡುತ್ತ ಓಡಿತು. ಕೊನೆಯ ಅಂಗಿಯ ಕಾಲರು ಬಿಸಿಯಿರುವಾಗಲೇ ಅದರ ಹುಡುಗ ಅದನ್ನು ತೊಟ್ಟು "ಸುಟ್ಟಿತು, ಸುಟ್ಟಿತು" ಎನ್ನುತ್ತ ವೇದಿಕೆಗೆ ಓಡಿದ.

ಸುರಪುರದವರು ಮಿರಿಮಿರಿ ರೇಷ್ಮೆಯಲ್ಲಿ ಬಂದು ಹಾಡಿ ಇಳಿದಿದ್ದರು. ಇವರ ತಂಡ ಹತ್ತಿದಾಗ ಸಭೆಯಲ್ಲಿ ಒಂದು ಗುಜುಗುಜು ಎದ್ದು ತಣ್ಣಗಾಯಿತು. ಟೀಚರ್ ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದರು. ಗುಡ್ಡಿ ಢೋಲಕ್ಕಿಗೆ ಎರಡು ಪೆಟ್ಟು ಹಾಕಿದಳು. ಪಂಚಶೀಲಾ ಒಂದು ಹೆಜ್ಜೆ ಮುಂದೆ ಬಂದಳು. ಗುಂಡಿಯ ಮೇಲಿನ ಬೆರಳು ಕೆಳಗಿಳಿಯಿತು. ಪದ ಎತ್ತಿದಳು.

ಹಿಂದಿನ ಬಾಗಿಲಲ್ಲಿ ನಿಂತಿದ್ದ ಸುಂದ್ರಮ್ಮ ತನಗರಿವಿಲ್ಲದೆ ಬಲಗೈಯನ್ನು ಬೀಸುಕಲ್ಲಿನ ಮೇಲಿಟ್ಟಂತೆ ಸುತ್ತಿಸುತ್ತಿದ್ದಳು. ಅವಳ ಪಕ್ಕದಲ್ಲಿ ಯೂನುಸ ಕೆಂಡದ ಬೂದಿ ಮೆತ್ತಿದ ಕೈಯಲ್ಲೇ ಚಪ್ಪಾಳೆ ಹೊಡೆದ. ಮೂಗಿನವರೆಗೂ ಬೂದಿ ಹಾರಿತು.

ಫಲಿತಾಂಶ ಮೂರು ಗಂಟೆಗೆ ಅಂದರು. ವರಾಂಡದಲ್ಲಿ ಸುರಪುರದ ಟೀಚರೊಬ್ಬರು ಗುಡ್ಡಿಯನ್ನು ತಡೆದು ಅವಳ ಅಂಗಿಯ ಚುಂಗನ್ನು ಹಿಡಿದು ನೋಡಿದರು.

"ಈ ಬಣ್ಣದ ಅರಿವಿ ಎಲ್ಲಿ ತೊಗೊಂಡ್ರವ್ವ? ಯಾದಗಿರ್‍ಯಾಗಂತೂ ಸಿಗಂಗಿಲ್ಲ."

ಗುಡ್ಡಿ ಕೂದಲು ಹಿಂದಕ್ಕೆ ಒಗೆದಳು. "ಇದು ಅಂಗಡ್ಯಾಗ ಸಿಗೂ ಮಾಲಲ್ರಿ ಮೇಡಂ. ಬಕೀಟಿನ್ಯಾಗ ಹುಟ್ಟತದ. ಅದಕ್ಕೊಂದು ಖೂನಿ ಆಗಬೇಕಾಗ್ತದ."

ಪಂಚಶೀಲಾ ಅವಳ ಬೆನ್ನಿಗೊಂದು ಗುದ್ದು ಕೊಟ್ಟಳು. ಇಬ್ಬರೂ ನಗುತ್ತ ಮರೆತುಬಂದ ಢೋಲಕ್ ತರಲು ಒಳಗೆ ಓಡಿದರು.

ಖಾಲಿ ವೇದಿಕೆಯಲ್ಲಿ ಸರೋಜಾ ಟೀಚರ್ ಒಬ್ಬರೇ ಹಾರ್ಮೋನಿಯಂ ಮುಂದೆ ಕೂತಿದ್ದರು. ಬಿಳಿ ಪಟ್ಟಿಗಳ ಮೇಲೆ ಅಲ್ಲಲ್ಲಿ ಬೆರಳಿನಷ್ಟಗಲದ ನೀಲಿ ಗುರುತುಗಳು ಮೂಡಿದ್ದವು. ಪದ ಹೋದ ದಾರಿಯೆಲ್ಲ ಕಾಣುವ ಹಾಗೆ. ಒರೆಸಲೆಂದು ಅವರು ಸೆರಗು ಕೈಗೆ ತೆಗೆದುಕೊಂಡರು. ಒಂದು ಗಳಿಗೆ ಹಾಗೇ ಹಿಡಿದಿದ್ದರು. ಆಮೇಲೆ ಸೆರಗು ಬಿಟ್ಟು, ಪೆಟ್ಟಿಗೆಯನ್ನು ಮೆಲ್ಲಗೆ ಮುಚ್ಚಿದರು.